ಹೆಂಡತಿ ಹೆಸರು ಮೂರು ಕಾಗದದಲ್ಲಿ ಮೂರು ಥರ: ದುಬೈ ಫ್ಯಾಮಿಲಿ ವೀಸಾಗೆ ಏನು ಮಾಡಲಿ?

ಕಾರೇಹಳ್ಳಿ ಮಂಜು, ದುಬೈ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಕಡೆಯವನು. ದುಬೈಗೆ ಬಂದು ಒಂದೂವರೆ ವರ್ಷ ಆಯಿತು. ಕಂಪನಿ ವೀಸಾ, 2 ವರ್ಷದ್ದು. ಸಂಬಳ 5,500 ದಿರ್ಹಮ್. ಇಷ್ಟು ದಿನ ಬೆಡ್ ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಒಂದು ಮಂಚದಲ್ಲಿ, ಕಾಲ ತಳ್ಳಿದೆ. ಈಗ ಅಲ್ ಖುಸೈಸಿನಲ್ಲಿ ಒಂದು ಸ್ಟುಡಿಯೋ ಮನೆ ನೋಡಿದ್ದೇನೆ. ಹೆಂಡತಿಯನ್ನೂ 5 ವರ್ಷದ ಮಗಳನ್ನೂ ಕರೆಸಿಕೊಳ್ಳಬೇಕು.

ದುಡ್ಡು ಹೇಗೋ ಹೊಂದಿಸಿದ್ದೇನೆ. ತೊಂದರೆ ಆಗಿರುವುದು ಹೆಸರಿನಲ್ಲಿ.

ನನ್ನ ಪಾಸ್‌ಪೋರ್ಟಿನಲ್ಲಿ ಮಂಜುನಾಥ ಕಾರೇಹಳ್ಳಿ ಸಿದ್ದೇಗೌಡ ಅಂತ ಇದೆ. ಊರು, ಅಪ್ಪನ ಹೆಸರು ಎರಡೂ ಸರ್‌ನೇಮ್ ಜಾಗದಲ್ಲಿ ಬಂದಿವೆ. ಮದುವೆ ಸರ್ಟಿಫಿಕೇಟಿನಲ್ಲಿ ಮಂಜುನಾಥ ಕೆ.ಎಸ್. ಹೆಂಡತಿ ಪಾಸ್‌ಪೋರ್ಟಿನಲ್ಲಿ ಬರೀ ಲತಾ, ಸರ್‌ನೇಮ್ ಜಾಗ ಖಾಲಿ. ಮದುವೆ ಸರ್ಟಿಫಿಕೇಟಿನಲ್ಲಿ ಲತಾ ಆರ್. ಮಗಳ ಜನನ ಪತ್ರದಲ್ಲಿ ತಾಯಿ ಹೆಸರು ಲತಾಮಣಿ. ಅದು ತವರಿನಲ್ಲಿ ಕರೆಯುವ ಹೆಸರು. ಹೆರಿಗೆ ವಾರ್ಡಿನಲ್ಲಿ ನಮ್ಮತ್ತೆ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದಾರೆ.

ನಿನ್ನೆ ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋಗಿದ್ದೆ. ಅಲ್ಲಿನ ಹುಡುಗ ನಾಲ್ಕೂ ಕಾಗದವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಪೆನ್ಸಿಲ್ ತೆಗೆದುಕೊಂಡು ಒಂದೊಂದು ಹೆಸರಿನ ಕೆಳಗೂ ಗೆರೆ ಎಳೆದ. ಆಮೇಲೆ ತಲೆ ಎತ್ತಿ, 'ಭಾಯ್, ಇವರೆಲ್ಲ ಒಂದೇ ಮನೆಯವರಾ?' ಅಂದ. ಅವನು ತಮಾಷೆ ಮಾಡಲಿಲ್ಲ, ನಿಜವಾಗಿಯೂ ಕೇಳಿದ. ಮನಸ್ಸಿಗೆ ತುಂಬಾ ನೋವಾಯಿತು.

ಊರಿನ ಏಜೆಂಟ್ ಒಬ್ಬರು, 'ಮೊದಲು ವಿಸಿಟ್ ವೀಸಾದಲ್ಲಿ ಕಳಿಸಿಬಿಡೋಣ, ಅಲ್ಲಿಗೆ ಹೋದ ಮೇಲೆ ಎಲ್ಲ ಸರಿ ಮಾಡಿಕೊಳ್ಳಿ' ಅನ್ನುತ್ತಿದ್ದಾರೆ. ಟಿಕೆಟ್ ಈಗಲೇ ಬುಕ್ ಮಾಡಿದರೆ ಕಡಿಮೆ ಅಂತೆ. ಗೊತ್ತಿದ್ದವರು ದಯವಿಟ್ಟು ದಾರಿ ಹೇಳಿ.

ಶಾರದಕ್ಕ, ಕರಾಮ

ಮಂಜು, ಟಿಕೆಟ್ ಬುಕ್ ಮಾಡಬೇಡಿ. ಉಳಿದದ್ದು ಆಮೇಲೆ.

ನಾನು ಇಲ್ಲಿಗೆ ಬಂದು 19 ವರ್ಷ ಆಯಿತು. ಅದರಲ್ಲಿ 11 ವರ್ಷ ಒಂದು ಆಫೀಸಿನಲ್ಲಿ ಪಿಆರ್‌ಒ (ಕಂಪನಿಯ ವೀಸಾ ಕೆಲಸ ನೋಡಿಕೊಳ್ಳುವವರು) ಜೊತೆ ಕೂತು ಇದೇ ಕಾಗದಗಳನ್ನು ನೋಡಿದ್ದೇನೆ. ನಿಮ್ಮಂಥ ಕೇಸು ಹಳೇ ಮೈಸೂರು ಕಡೆಯವರದೇ ಜಾಸ್ತಿ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುತ್ತದೆ. ಕರಾವಳಿಯಲ್ಲಿ ಶೆಟ್ಟಿ, ಪೂಜಾರಿ, ಡಿಸೋಜ ಅಂತ ಇರುತ್ತದೆ. ನಮಗೆ ಊರು, ಅಪ್ಪ, ಆಮೇಲೆ ನಮ್ಮ ಹೆಸರು. ಅದನ್ನು ಎರಡು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಬದುಕಿದ್ದೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲಿನ ಫಾರಂನಲ್ಲಿ ಎರಡೇ ಖಾನೆ. ಎರಡೂ ತುಂಬಿರಬೇಕು. ಎಲ್ಲ ಕಡೆ ಒಂದೇ ಥರ ತುಂಬಿರಬೇಕು.

2022ರ ನವೆಂಬರಿನಲ್ಲಿ ಯುಎಇ ಒಂದು ನಿಯಮ ತಂದಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು ಇನ್ನೊಂದು ಖಾನೆ ಖಾಲಿ ಇದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ನಡೆಯುತ್ತದೆ ಅಂತ ಆಮೇಲೆ ಸ್ಪಷ್ಟ ಮಾಡಿದರು. ಹಾಗಾಗಿ ಲತಾ ಅವರಿಗೆ ವಿಸಿಟ್ ವೀಸಾ ಸಿಗಲೂಬಹುದು. ಆದರೆ ಏರ್‌ಪೋರ್ಟ್ ಕೌಂಟರಿನಲ್ಲಿ ಕೂತವರಿಗೆ ಅನುಮಾನ ಬಂದರೆ? 5 ವರ್ಷದ ಕೂಸನ್ನು ಕರೆದುಕೊಂಡು ಬಂದ ಹೆಂಗಸು ಅಲ್ಲಿ ವಾದ ಮಾಡಿಕೊಂಡು ನಿಲ್ಲಬೇಕಾ? ಬೇಡ.

ಇನ್ನೊಂದು ವಿಷಯ. ನಿಮ್ಮದೇ ವೀಸಾ ಇನ್ನು 6 ತಿಂಗಳು ಮಾತ್ರ ಇದೆ ಅಲ್ವಾ? ಹೆಂಡತಿ ಮಕ್ಕಳ ವೀಸಾ ನಿಮ್ಮ ವೀಸಾಗೆ ಅಂಟಿಕೊಂಡಿರುತ್ತದೆ. ನಿಮ್ಮದು ಮುಗಿದರೆ ಅವರದೂ ಮುಗಿಯಿತು. ಈಗ ಅವಸರ ಮಾಡಿ ಕರೆಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಎಲ್ಲರದ್ದೂ ಫೀಸು, ಮತ್ತೆ ಮೆಡಿಕಲ್. ಈ ಆರು ತಿಂಗಳನ್ನು ಊರಿನ ಕಾಗದ ಸರಿ ಮಾಡಿಸಲು ಇಟ್ಟುಕೊಳ್ಳಿ. ನಿಮ್ಮ ರಿನ್ಯೂವಲ್ ಆದ ಮೇಲೆ ಅವರಿಗೆ ಅರ್ಜಿ ಹಾಕಿ.

ಸಂಬಳದ ಚಿಂತೆ ಬೇಡ. 4,000 ದಿರ್ಹಮ್ ಇದ್ದರೆ ಸಾಕು, ಇಲ್ಲವೇ 3,000 ಮತ್ತು ಕಂಪನಿ ಕೊಟ್ಟ ಮನೆ.

ಕೆಲಸದ ಕ್ರಮ ಮುಖ್ಯ. ಮೊದಲು ಲತಾ ಅವರ ಆಧಾರ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಇರುತ್ತದೆ. ಅದರ ಪ್ರಕಾರ 'ಆರ್' ಅನ್ನು ಬಿಡಿಸಿ ಬರೆಸಿ. ಆಧಾರಿನಲ್ಲಿ ಹೆಸರು ಬದಲಾಯಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಹಾಗಾಗಿ ಸೈಬರ್ ಸೆಂಟರಿನಲ್ಲಿ ಅವಸರದಿಂದ ಒತ್ತಬೇಡಿ, ಒಂದೊಂದು ಅಕ್ಷರ ಓದಿ. ಆಮೇಲೆ ಪಾಸ್‌ಪೋರ್ಟ್ ರೀಇಶ್ಯೂ. ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ, ಅದರಲ್ಲಿರುವ ಅಕ್ಷರಗಳನ್ನೇ ಹಿಡಿದುಕೊಂಡು ಮದುವೆ ಸರ್ಟಿಫಿಕೇಟ್, ಮಗಳ ಜನನ ಪತ್ರ. ಕೊನೆಗೆ ಮಗಳ ಪಾಸ್‌ಪೋರ್ಟ್. ಈ ಕ್ರಮ ತಿರುಗಿಸಿದರೆ ಒಂದು ಸರಿ ಮಾಡುವಾಗ ಇನ್ನೊಂದು ಕೆಡುತ್ತದೆ.

ರಘು, ಅಜ್ಮಾನ್

ಅಕ್ಕ, ಇಷ್ಟೊಂದು ಬೇಕಾ? ನಾನು 2016ರಲ್ಲಿ ಹೆಂಡತಿಯನ್ನು ಕರೆಸಿದಾಗ ನೋಟರಿ ಹತ್ತಿರ 'ಈ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ' ಅಂತ ಅಫಿಡವಿಟ್ ಮಾಡಿಸಿದೆ. ಕೆಲಸ ಆಯಿತು. ಮಂಜು ಅವರೇ, ಸುಮ್ನೆ ಆರು ತಿಂಗಳು ಅಲೆಯಬೇಡಿ.

ಶಾರದಕ್ಕ, ಕರಾಮ

ರಘು, ನಿಮಗೆ ಆಯಿತು, ಸಂತೋಷ. ಆದರೆ ಒಂದು ಕೇಳುತ್ತೇನೆ. ಆ ಅಫಿಡವಿಟ್ಟನ್ನು ಎಷ್ಟು ಸಲ ತೆಗೆದು ತೋರಿಸಿದ್ದೀರಿ? ಇನ್ಶೂರೆನ್ಸಿಗೆ, ಮಗುವಿನ ಸ್ಕೂಲಿಗೆ, ರಿನ್ಯೂವಲ್ಲಿಗೆ?

ಅಫಿಡವಿಟ್ ಕೂಡ ಒಂದು ಕಾಗದವೇ. ಇಲ್ಲಿ ಒಪ್ಪಬೇಕಾದರೆ ಅದಕ್ಕೂ ಅಟೆಸ್ಟೇಶನ್, ಅಂದರೆ ಸರ್ಕಾರಿ ಕಚೇರಿಗಳ ದೃಢೀಕರಣ, ಕೇಳಬಹುದು. ಒಂದು ಕೌಂಟರಿನಲ್ಲಿ ಒಪ್ಪುತ್ತಾರೆ, ಇನ್ನೊಂದರಲ್ಲಿ ಇಲ್ಲ ಅನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಒಬ್ಬ ಮೇಸ್ತ್ರಿ ಇದ್ದರು, ತುಮಕೂರಿನವರು. ಅಫಿಡವಿಟ್ ಮೇಲೇ 6 ವರ್ಷ ನಡೆಸಿದರು. ಏನೂ ಆಗಲಿಲ್ಲ. ಒಂದು ದಿನ ಅವರು ತೀರಿಕೊಂಡರು. ಕಂಪನಿ ಬಾಕಿ, ಗ್ರಾಚುಯಿಟಿ ಬಿಡಿಸಿಕೊಳ್ಳಲು ಆಯಮ್ಮ ತಾನೇ ಅವರ ಹೆಂಡತಿ ಅಂತ ಸಾಬೀತು ಮಾಡಬೇಕಾಯಿತು. ಆ ತಿಂಗಳುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇಷ್ಟು ಹಟ ಮಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ರಘು, ಅಜ್ಮಾನ್

ಇಲ್ಲ ಅಕ್ಕ, ಬೇಜಾರಿಲ್ಲ. ನೀವು ಕೇಳಿದ ಮೇಲೆ ಲೆಕ್ಕ ಹಾಕಿದೆ. ನಾಲ್ಕು ಸಲ ತೋರಿಸಿದ್ದೇನೆ. ಈ ಸಲ ಊರಿಗೆ ಹೋದಾಗ ನಾನೂ ಸರಿ ಮಾಡಿಸುತ್ತೇನೆ.

ಬಂದರು ರಸ್ತೆ, ಭಟ್ಕಳ / ದುಬೈ ದೇರಾ

ಶಾರದಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ಇಂಗ್ಲಿಷ್ ಹೆಸರು ನೋಡುತ್ತಾರೆ. ಇಲ್ಲಿ ವಾಸ ಮಾಡುವವರಿಗೆ ಕೊಡುವ ಗುರುತಿನ ಕಾರ್ಡು, ಎಮಿರೇಟ್ಸ್ ಐಡಿಯಲ್ಲಿ, ಹೆಸರು ಅರಬ್ಬಿಯಲ್ಲೂ ಇರುತ್ತದೆ. ಅದನ್ನು ನಮ್ಮವರು ಯಾರೂ ಓದುವುದಿಲ್ಲ.

ಅರಬ್ಬಿಯಲ್ಲಿ ನಮ್ಮ 'ಪ' ಇಲ್ಲ, 'ಬ' ಹಾಕುತ್ತಾರೆ. ಪ್ರಕಾಶ ಅನ್ನುವವರು ಬ್ರಕಾಶ ಆಗುತ್ತಾರೆ. 'ಚ' ಬೇಕಾದರೆ ಎರಡು ಅಕ್ಷರ ಕೂಡಿಸಬೇಕು. 'ಗ'ಕಾರಕ್ಕೆ ಒಬ್ಬ ಜೀಮ್ ಹಾಕುತ್ತಾನೆ, ಇನ್ನೊಬ್ಬ ಗೈನ್, ಮತ್ತೊಬ್ಬ ಕಾಫ್. ಸಿದ್ದೇಗೌಡ ಅನ್ನುವ ಒಂದು ಹೆಸರನ್ನು ಮೂರು ಟೈಪಿಂಗ್ ಸೆಂಟರಿನಲ್ಲಿ ಮೂರು ಥರ ಬರೆಯುತ್ತಾರೆ. ಗಂಡನ ಕಾರ್ಡಿನಲ್ಲಿ ಒಂದು, ಮಗಳ ಕಾರ್ಡಿನಲ್ಲಿ ಇನ್ನೊಂದು. ದಿನನಿತ್ಯದಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಕೋರ್ಟಿಗೋ ನೋಟರಿಗೋ ಹೋದ ದಿನ ಗೊತ್ತಾಗುತ್ತದೆ. ಅಲ್ಲಿ ಅರಬ್ಬಿಯೇ ಲೆಕ್ಕ.

ಮಂಜು ಅವರೇ, ಅರ್ಜಿ ಟೈಪ್ ಮಾಡುವಾಗ ನಿಮ್ಮ ಕಾರ್ಡನ್ನು ಪಕ್ಕದಲ್ಲಿಡಿ. 'ಅಪ್ಪನ ಹೆಸರು ಇದರಲ್ಲಿ ಇರುವ ಹಾಗೇ ಹಾಕಿ' ಅಂತ ಹೇಳಿ. ಸಬ್ಮಿಟ್ ಮಾಡುವ ಮೊದಲು ಒಂದು ಪ್ರಿಂಟ್ ಕೇಳಿ. ಬೇಕಾದರೆ ನನಗೆ ಕಳಿಸಿ, ಓದಿ ಹೇಳುತ್ತೇನೆ. ಮದರಸದಲ್ಲಿ ಕಲಿತದ್ದು, ಇಷ್ಟಾದರೂ ಉಪಯೋಗಕ್ಕೆ ಬರಲಿ.

ಸುಳ್ಯದ ಶೈಲಾ, ಶಾರ್ಜಾ

ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾದರೆ ಆಗುವ ಇನ್ನೊಂದು ತೊಂದರೆ ಹೇಳುತ್ತೇನೆ. ನಾನು ಮದುವೆಗೆ ಮುಂಚೆ ಇಲ್ಲಿ ಒಂದು ವರ್ಷ ಕೆಲಸ ಮಾಡಿದ್ದೆ. ಆಮೇಲೆ ಊರಿಗೆ ಹೋಗಿ, ಮದುವೆ ಆಗಿ, ಹೊಸ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿಕೊಂಡು ವಾಪಸ್ ಬಂದೆ. ವೀಸಾ ಆಯಿತು, ಕಾರ್ಡ್ ಬರಲಿಲ್ಲ. ವಾರಗಟ್ಟಲೆ ಬರಲಿಲ್ಲ. ವಿಚಾರಿಸಿದರೆ ನನ್ನ ಹೆಸರಿನಲ್ಲಿ ಎರಡು ಯೂನಿಫೈಡ್ ನಂಬರ್ (ಇಮಿಗ್ರೇಶನ್‌ನವರು ಒಬ್ಬೊಬ್ಬರಿಗೆ ಒಂದೊಂದು ಕೊಡುವ ಗುರುತಿನ ನಂಬರ್) ಆಗಿತ್ತು. ಹಳೆ ಪಾಸ್‌ಪೋರ್ಟಿಗೆ ಒಂದು, ಹೊಸದಕ್ಕೆ ಒಂದು. ಅದನ್ನು ಇಮಿಗ್ರೇಶನ್ ಆಫೀಸಿನಲ್ಲಿ ಕೂಡಿಸಬೇಕು. ಆಗ ಅವರು ಮೊದಲು ಕೇಳಿದ್ದೇ ಹಳೆ ಪಾಸ್‌ಪೋರ್ಟ್. ಪುಣ್ಯಕ್ಕೆ ಅಮ್ಮ ಬೀರುವಿನಲ್ಲಿ ಇಟ್ಟಿದ್ದರು.

ಕ್ಯಾನ್ಸಲ್ ಆದ ಪಾಸ್‌ಪೋರ್ಟ್ ಅಂತ ಯಾರೂ ಬಿಸಾಡಬೇಡಿ. ಮೊದಲು ಇಲ್ಲಿಗೆ ಬಂದು ಹೋದವರಂತೂ ಖಂಡಿತ ಬಿಸಾಡಬೇಡಿ.

ಕಾರೇಹಳ್ಳಿ ಮಂಜು, ದುಬೈ

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಮಾತು ಓದಿ ರಾತ್ರಿ ಲತಾಗೆ ಫೋನ್ ಮಾಡಿದೆ. ಇನ್ನೂ ಆರು ತಿಂಗಳು ಅಂದಾಗ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ, 'ಬಂದ ಮೇಲೆ ಅಲೆಯುವುದಕ್ಕಿಂತ ಇಲ್ಲೇ ಅಲೆಯುತ್ತೇನೆ ಬಿಡಿ, ನಮ್ಮೂರ ಬಸ್ಸು, ನಮ್ಮ ಭಾಷೆ' ಅಂದಳು. ಏಜೆಂಟರಿಗೆ ಬೇಡ ಅಂದೆ.

ಕಾರೇಹಳ್ಳಿ ಮಂಜು, ದುಬೈ (2 ತಿಂಗಳ ನಂತರ)

ಇಲ್ಲಿಯವರೆಗೆ ಆದದ್ದು ಬರೆಯುತ್ತೇನೆ. ನನ್ನ ಹಾಗೇ ಇರುವವರಿಗೆ ಸಹಾಯ ಆಗಲಿ.

ಆಧಾರ್ ಸುಲಭವಾಗಿ ಆಯಿತು. ಲತಾ ರಂಗಸ್ವಾಮಿ ಅಂತ ಬಂತು. ಪಾಸ್‌ಪೋರ್ಟ್ ಹಾಸನದ ಪೋಸ್ಟ್ ಆಫೀಸಿನಲ್ಲಿರುವ ಸೇವಾ ಕೇಂದ್ರದಲ್ಲಿ. ಫೀಸು 1,500 ರೂಪಾಯಿ. ಹೊಸ ಪಾಸ್‌ಪೋರ್ಟ್ ಅಂತ ಹಾಕಬಾರದು, ರೀಇಶ್ಯೂ ಅಂತ ಹಾಕಿ, ಕಾರಣದಲ್ಲಿ ವಿವರ ಬದಲಾವಣೆ ಅಂತ ಆರಿಸಬೇಕು. ಇದರಲ್ಲಿ ಮೊದಲ ಸಲ ತಪ್ಪಿದೆವು. ಪೊಲೀಸ್ ವೆರಿಫಿಕೇಶನ್ ಆಯಿತು. ಪಾಸ್‌ಪೋರ್ಟ್ ಬಂತು. ಸರ್‌ನೇಮ್ ಜಾಗದಲ್ಲಿ ರಂಗಸ್ವಾಮಿ ಅಂತ ನೋಡಿ ನಮ್ಮ ಮಾವ ಫೋನಿನಲ್ಲೇ ಅತ್ತರು.

ಜನನ ಪತ್ರ ಕಷ್ಟ ಆಯಿತು. ಲತಾಮಣಿ, ಲತಾ ಇಬ್ಬರೂ ಒಬ್ಬರೇ ಅಂತ ತೋರಿಸಲು ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಆಧಾರ್ ಎಲ್ಲ ಕೊಟ್ಟೆವು. ಜನನ ಮರಣ ನೋಂದಣಿ ಕಾಯ್ದೆ 1969ರ 15ನೇ ಸೆಕ್ಷನ್ನಿನಲ್ಲಿ ತಿದ್ದುಪಡಿಗೆ ಅವಕಾಶ ಇದೆ. ಹಳೆಯ ನಮೂದನ್ನು ಅಳಿಸುವುದಿಲ್ಲ. ಅಂಚಿನಲ್ಲಿ ತಿದ್ದುಪಡಿ ಬರೆದು ನೋಂದಣಾಧಿಕಾರಿ ಸಹಿ ಹಾಕುತ್ತಾರೆ. ಅಲ್ಲಿದ್ದ ಮೇಡಂ ಒಬ್ಬರು ತುಂಬಾ ತಾಳ್ಮೆಯಿಂದ ನೋಡಿದರು. ಕೊನೆಗೆ ಕಂಪ್ಯೂಟರನ್ನು ಲತಾ ಕಡೆ ತಿರುಗಿಸಿ, 'ಅಮ್ಮಾ, ಒಂದೊಂದು ಅಕ್ಷರ ನೀವೇ ಓದಿ ಹೇಳಿ, ಆಮೇಲೆ ಪ್ರಿಂಟ್ ಕೊಡುತ್ತೇನೆ' ಅಂದರಂತೆ. ಅವರಿಗೆ ಒಳ್ಳೆಯದಾಗಲಿ.

ಈಗ ಒಂದು ಪ್ರಶ್ನೆ. ಜರ್ಮನಿಯಲ್ಲಿರುವ ನನ್ನ ಸ್ನೇಹಿತ, 'ಅಪೋಸ್ಟಿಲ್ ಮಾಡಿಸು, ಅಷ್ಟೇ ಸಾಕು' ಅಂದ. ನಿಜವಾ?

ಶಾರದಕ್ಕ, ಕರಾಮ

ಅದು ಇಲ್ಲಿಗೆ ನಡೆಯುವುದಿಲ್ಲ. ಅಪೋಸ್ಟಿಲ್ ಅಂದರೆ ಒಂದು ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ನಡೆಯುವ ದೃಢೀಕರಣದ ಮುದ್ರೆ. ಆ ಒಪ್ಪಂದದಲ್ಲಿ ಭಾರತ 2005ರಿಂದ ಇದೆ, ಯುಎಇ ಸೇರಿಲ್ಲ. ಇಲ್ಲಿಗೆ ಹಳೆಯ ಥರದ ಪೂರ್ತಿ ಅಟೆಸ್ಟೇಶನ್ ಬೇಕು. ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ್ದು. ಮದುವೆ, ಜನನ ಪತ್ರಕ್ಕೆ ಗೃಹ ಇಲಾಖೆ. ಆಮೇಲೆ ವಿದೇಶಾಂಗ ಸಚಿವಾಲಯ. ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ. ಕೊನೆಗೆ ಇಲ್ಲಿನ ವಿದೇಶಾಂಗ ಇಲಾಖೆ, ನಾವು ಮೋಫಾ ಅನ್ನುತ್ತೇವಲ್ಲ, ಅದು. ಇಲ್ಲಿ ಒಂದು ಕಾಗದಕ್ಕೆ 150 ದಿರ್ಹಮ್.

ಕನ್ನಡದಲ್ಲೇ ಇರುವ ಸರ್ಟಿಫಿಕೇಟ್ ಇದ್ದರೆ ಅನುವಾದ ಬೇಕಾಗುತ್ತದೆ. ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಅನುವಾದ ಮಾಡುವವರು ಕನ್ನಡ ಓದಿ ತಮಗೆ ತೋಚಿದ ಸ್ಪೆಲ್ಲಿಂಗ್ ಹಾಕುತ್ತಾರೆ. ಲತಾಗೆ ಇಂಗ್ಲಿಷಿನಲ್ಲಿ 'ಹೆಚ್' ಹಾಕಬೇಕಾ ಬೇಡವಾ, ಗೌಡದಲ್ಲಿ 'ಡಬ್ಲ್ಯು' ಇದೆಯಾ 'ಯು' ಇದೆಯಾ, ಅವರಿಗೆ ಹೇಗೆ ಗೊತ್ತಾಗಬೇಕು? ಪಾಸ್‌ಪೋರ್ಟ್ ಜೆರಾಕ್ಸ್ ಕೊಟ್ಟು, ಹೆಸರುಗಳಿಗೆ ಕೆಂಪು ಪೆನ್ನಿನಿಂದ ಗುರುತು ಹಾಕಿ ಕೊಡಿ.

ಮಾರ್ಗದಲ್ಲಿ ಮೂಲ ಕಾಗದ ಕಳೆದುಹೋದರೆ ಕಷ್ಟ. ಕೊಡುವ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹಿಂಬದಿಯಲ್ಲೇ ಸೀಲುಗಳು ಬೀಳುವುದು.

ಕುಮಟಾ ಗಣಪತಿ, ಮಸ್ಕತ್

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನನ್ನ ತಮ್ಮ ಡ್ರೈವರ್. ಹತ್ತನೇ ಕ್ಲಾಸ್ ಪಾಸ್ ಆಗಿಲ್ಲ. ಒಬ್ಬರು ದುಬೈನಲ್ಲಿ ಕೆಲಸ ಇದೆ, ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಬದಲಾಯಿಸುತ್ತೇವೆ ಅಂತ 1 ಲಕ್ಷ 20 ಸಾವಿರ ಕೇಳಿದ್ದಾರೆ. ಕೊಡಬಹುದಾ?

ಶಾರದಕ್ಕ, ಕರಾಮ

ಕೊಡಬೇಡಿ ಗಣಪತಿ. ಒಂದು ರೂಪಾಯಿಯೂ ಕೊಡಬೇಡಿ.

ಹತ್ತನೇ ಪಾಸ್ ಆಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದದ್ದು. ಅಂಥವರು ಯುಎಇಗೆ ಕೆಲಸಕ್ಕೆ ಬರಬೇಕಾದರೆ ಇ-ಮೈಗ್ರೇಟ್ ಅನ್ನುವ ಭಾರತ ಸರ್ಕಾರದ ವ್ಯವಸ್ಥೆಯ ಮೂಲಕವೇ ಬರಬೇಕು. ಅದು ಸರ್ಕಾರ ಕೂಲಿಯವರ ರಕ್ಷಣೆಗೆ ಇಟ್ಟ ಬಾಗಿಲು. ವಿಸಿಟ್ ವೀಸಾ ಅಂದರೆ ಆ ಬಾಗಿಲು ತಪ್ಪಿಸಿ ಹಿತ್ತಲಿಂದ ಕಳಿಸುವುದು. ಆಮೇಲೆ ಏನಾದರೂ ಆದರೆ ನಿಮ್ಮ ತಮ್ಮನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ರಿಜಿಸ್ಟರ್ ಆದ ಏಜೆಂಟರು ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಇಲ್ಲಿನ ಕಾರ್ಮಿಕ ಕಾನೂನು, 2021ರ 33ನೇ ನಂಬರಿನದು, ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಅನ್ನುತ್ತದೆ. ಅವನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳಬಾರದು ಅಂತಲೂ ಅದೇ ಕಾನೂನಿನಲ್ಲಿದೆ.

ಆಫರ್ ಲೆಟರ್ ಮೊದಲು ಕೈಗೆ ಬರಲಿ. ಅವನಿಗೆ ಅರ್ಥ ಆಗುವ ಭಾಷೆಯಲ್ಲಿ ಯಾರಾದರೂ ಓದಿ ಹೇಳಲಿ. ಬಂದ ಮೇಲೆ ಕಷ್ಟ ಆದರೆ ಭಾರತೀಯ ದೂತಾವಾಸದ ಸಹಾಯವಾಣಿ ಇದೆ, 800 46342. ಹಗಲು ರಾತ್ರಿ ಎತ್ತುತ್ತಾರೆ. ಫೋನಿನ ಅಕ್ಷರದಲ್ಲಿ ಒತ್ತಿದರೆ 800 ಇಂಡಿಯಾ. ನಿಮ್ಮ ತಮ್ಮನಿಗೆ ಬಾಯಿಪಾಠ ಮಾಡಿಸಿ.

ಕುಮಟಾ ಗಣಪತಿ, ಮಸ್ಕತ್

ಈಗಲೇ ಮನೆಗೆ ಫೋನ್ ಮಾಡುತ್ತೇನೆ ಅಕ್ಕ. ಅಪ್ಪ ತೋಟದ ಕಾಗದ ಅಡ ಇಡಲು ಹೊರಟಿದ್ದರು.

ಕಾರೇಹಳ್ಳಿ ಮಂಜು, ದುಬೈ (ಮತ್ತೆ 4 ತಿಂಗಳ ನಂತರ)

ನನ್ನ ವೀಸಾ ರಿನ್ಯೂ ಆಯಿತು. ಅಟೆಸ್ಟ್ ಆದ ಕಾಗದ ಬಂದವು. ಮನೆಯ ಇಜಾರಿ (ಬಾಡಿಗೆ ಒಪ್ಪಂದದ ನೋಂದಣಿ) ಆಯಿತು. ಲತಾ, ಮಗಳು ಇಬ್ಬರಿಗೂ ಎಂಟ್ರಿ ಪರ್ಮಿಟ್ ಬಂದು, ಹೋದ ಗುರುವಾರ ಬಂದಿಳಿದರು. ಕೌಂಟರಿನಲ್ಲಿ ಒಂದು ಪ್ರಶ್ನೆಯೂ ಕೇಳಲಿಲ್ಲವಂತೆ. ಬಂದ ದಿನದಿಂದ 60 ದಿನದ ಒಳಗೆ ಉಳಿದದ್ದೆಲ್ಲ ಮುಗಿಸಬೇಕು ಅಂದಿದ್ದಾರೆ. ಅಷ್ಟು ದಿನ ಕಾಯದೆ ಮೊನ್ನೆಯೇ ಮೆಡಿಕಲ್ ಮಾಡಿಸಿದೆವು. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಮಗಳಿಗೆ ಅದು ಬೇಡ, 18 ಆದವರಿಗೆ ಮಾತ್ರ.

ನಿನ್ನೆ ಎಮಿರೇಟ್ಸ್ ಐಡಿಗೆ ಬೆರಳಚ್ಚು. ಲತಾ ಮದುವೆಗೆ ಮುಂಚಿಂದಲೂ ಹೊಲದಲ್ಲಿ ದುಡಿದವಳು. ಈ ಆರು ತಿಂಗಳೂ ಅಪ್ಪನ ಮನೆಯಲ್ಲಿ ರಾಗಿ ಕಳೆ ತೆಗೆಯುತ್ತಿದ್ದಳು. ಬೆರಳ ತುದಿಯ ಗೆರೆ ಸವೆದಿವೆ. ಬಲಗೈ ತೋರುಬೆರಳು ಮಷಿನ್ ತೆಗೆದುಕೊಳ್ಳಲೇ ಇಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ಪ್ರತಿ ಸಲ ಕೆಂಪು. ಅವಳ ಕಣ್ಣಲ್ಲಿ ನೀರು ಬಂತು. ಕೌಂಟರಿನ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಲು ಹೇಳಿದಳು. ಆಮೇಲೆ ತನ್ನ ಬೆರಳನ್ನು ತಾನೇ ಹಣೆಗೆ ಉಜ್ಜಿ ತೋರಿಸಿದಳು, ಹೀಗೆ ಮಾಡಿ ಅಂತ. ಲತಾ ಹಣೆಗೆ ಉಜ್ಜಿ ಇಟ್ಟಳು. ಹುಡುಗಿ ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಹಸಿರು ಬಂತು. ಇಬ್ಬರೂ ಒಟ್ಟಿಗೆ ನಕ್ಕರು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲ.

ಅರಬ್ಬಿ ಹೆಸರಿನ ಪ್ರಿಂಟ್ ಭಟ್ಕಳದ ಅಣ್ಣನಿಗೆ ಕಳಿಸಿದ್ದೆ. ಮಗಳ ಹೆಸರಿನಲ್ಲಿ ನನ್ನ ಗೌಡ ಬೇರೆ ಅಕ್ಷರದಲ್ಲಿ ಇತ್ತಂತೆ. ಸಬ್ಮಿಟ್ ಆಗುವ ಮೊದಲೇ ಸರಿ ಮಾಡಿಸಿದೆವು. ಅಣ್ಣ, ನಿಮ್ಮ ಉಪಕಾರ ಮರೆಯುವುದಿಲ್ಲ.

ಬಂದರು ರಸ್ತೆ, ಭಟ್ಕಳ / ದುಬೈ ದೇರಾ

ಉಪಕಾರ ಏನಿಲ್ಲ ಮಾರಾಯ್ರೆ. ಸಿಮೆಂಟ್ ಕೆಲಸ ಮಾಡುವ ನಮ್ಮ ಹುಡುಗರಿಗೂ ಬೆರಳಿನದೇ ಗೋಳು. ಹಿಂದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಚೆನ್ನಾಗಿ ತೊಳೆದು ಹೋಗಲು ಹೇಳುತ್ತೇನೆ.

ಸುಳ್ಯದ ಶೈಲಾ, ಶಾರ್ಜಾ

ತುಂಬಾ ಖುಷಿಯಾಯಿತು ಮಂಜು ಅಣ್ಣ. ಕಾರ್ಡ್ ಬಂದ ಮೇಲೆ ಒಂದು ಕೆಲಸ ಮಾಡಿ. 2022ರ ಏಪ್ರಿಲ್‌ನಿಂದ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕರ್ ಅಂಟಿಸುವುದಿಲ್ಲ. ಕಾರ್ಡೇ ವೀಸಾ. ಇದು ಊರಿನ ಬ್ಯಾಂಕಿನವರಿಗೆ ಎಲ್ಲ ಕಡೆ ಗೊತ್ತಿಲ್ಲ. ನಾನು ಎನ್‌ಆರ್‌ಇ ಖಾತೆಗೆ (ವಿದೇಶದಲ್ಲಿರುವವರ ಬ್ಯಾಂಕ್ ಖಾತೆ) ಹೋದಾಗ, 'ವೀಸಾ ಪುಟ ಎಲ್ಲಿ?' ಅಂತ ಎರಡು ಸಲ ವಾಪಸ್ ಕಳಿಸಿದರು. ಪುಟವೇ ಇಲ್ಲ, ಎಲ್ಲಿಂದ ತರಲಿ? ಕೊನೆಗೆ ರೆಸಿಡೆನ್ಸಿಯ (ಇಲ್ಲಿ ವಾಸಿಸುವ ವೀಸಾದ) ಪಿಡಿಎಫ್ ಪ್ರಿಂಟ್ ಹಾಕಿಸಿ, ಕಾರ್ಡಿನ ಎರಡೂ ಬದಿ ಜೆರಾಕ್ಸ್ ಕೊಟ್ಟ ಮೇಲೆ ಒಪ್ಪಿದರು. ಆ ಪಿಡಿಎಫ್ ಫೋನಿನಲ್ಲಿಯೂ ಇರಲಿ, ಮನೆಯಲ್ಲಿ ಪ್ರಿಂಟೂ ಇರಲಿ.

ಕಾರೇಹಳ್ಳಿ ಮಂಜು, ದುಬೈ

ಖಂಡಿತ ಶೈಲಾ. ಇನ್ನೊಂದು ಕೇಳಬೇಕಿತ್ತು. ಲತಾ ತಂಗಿಗೆ ಚೈತ್ರದಲ್ಲಿ ಹೆರಿಗೆ. ಆಗ ಇವಳು ಹೋಗಿ ಬಾಣಂತನಕ್ಕೆ ಇದ್ದು ಬರಬೇಕು ಅನ್ನುತ್ತಿದ್ದಾಳೆ. ಎಷ್ಟು ದಿನ ಇರಬಹುದು?

ಶಾರದಕ್ಕ, ಕರಾಮ

ಮೂರು ತಿಂಗಳ ಬಾಣಂತನ ಧಾರಾಳವಾಗಿ ಮಾಡಿ ಬರಲಿ. 180 ದಿನ ದಾಟಬಾರದು, ಅಷ್ಟೇ. ಒಂದೇ ಸಮ ಅದಕ್ಕಿಂತ ಜಾಸ್ತಿ ಹೊರಗಿದ್ದರೆ ರೆಸಿಡೆನ್ಸಿ ಹೋಗುತ್ತದೆ. ಮತ್ತೆ ಒಳಗೆ ಬರಲು ಕಾರಣ ಕೊಟ್ಟು ಪರ್ಮಿಟ್‌ಗೆ ಅರ್ಜಿ ಹಾಕಬೇಕು, ದಂಡವೂ ಇದೆ. ಆರು ತಿಂಗಳು ಅಂತ ಅಂದಾಜಿನಲ್ಲಿ ಎಣಿಸಬೇಡಿ. ಹೊರಟ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನ ಲೆಕ್ಕ ಹಾಕಿ. ದೀರ್ಘಾವಧಿಯ ಗೋಲ್ಡನ್ ವೀಸಾದವರಿಗೆ ಈ ಕಟ್ಟು ಇಲ್ಲ, ನಮಗೆ ಇದೆ.

ಕಾರ್ಡಿನ ತಾರೀಕನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಅವಧಿ ಮುಗಿದು 30 ದಿನ ದಾಟಿದರೆ ದಿನಕ್ಕೆ 20 ದಿರ್ಹಮ್ ದಂಡ, 1,000 ದಿರ್ಹಮ್‌ವರೆಗೆ ಏರುತ್ತದೆ. ಮೂರು ಕಾರ್ಡಿಗೆ ಮೂರು ದಂಡ. ಮತ್ತೆ, 'ನಿಮ್ಮ ಎಮಿರೇಟ್ಸ್ ಐಡಿ ಬ್ಲಾಕ್ ಆಗಿದೆ, ಓಟಿಪಿ ಹೇಳಿ' ಅಂತ ಯಾರಾದರೂ ಫೋನ್ ಮಾಡಿದರೆ ಲತಾ ಅವರು ಮಾತಾಡದೆ ಇಟ್ಟುಬಿಡಲಿ. ಹೊಸದಾಗಿ ಬಂದವರಿಗೇ ಅಂಥ ಫೋನ್ ಜಾಸ್ತಿ ಬರುವುದು.

ಕಾರೇಹಳ್ಳಿ ಮಂಜು, ದುಬೈ (12 ದಿನದ ನಂತರ)

ಕಾರ್ಡ್ ಬಂದವು. ಎರಡೂ ಒಂದೇ ಕವರಿನಲ್ಲಿ. 784 ಅಂತ ಶುರುವಾಗುತ್ತದೆ, ಆಮೇಲೆ ಹುಟ್ಟಿದ ವರ್ಷ, ಆಮೇಲೆ ಉಳಿದ ನಂಬರ್. ಮಗಳು ತನ್ನ ಫೋಟೋ ನೋಡಿ, 'ಅಪ್ಪಾ, ಇದು ನಾನು' ಅಂತ ಮನೆ ತುಂಬ ಓಡಾಡಿದಳು.

ರಾತ್ರಿ ಊಟ ಆದ ಮೇಲೆ ಮೂರೂ ಕಾರ್ಡನ್ನು ಸಾಲಾಗಿ ಇಟ್ಟೆ, ಅವತ್ತು ಆ ಹುಡುಗ ಇಟ್ಟ ಹಾಗೆ. ಪಕ್ಕದಲ್ಲಿ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಜನನ ಪತ್ರ. ಲತಾ ಒಂದೊಂದಾಗಿ ಜೋರಾಗಿ ಓದಿದಳು. ನಾನು ಬೆರಳಿಟ್ಟುಕೊಂಡು ನೋಡಿದೆ. ಎಲ್ಲದರಲ್ಲೂ ಒಂದೇ ಇತ್ತು.

ಸೋಮವಾರ ಮಗಳ ಸ್ಕೂಲಿಗೆ ವಿಚಾರಿಸಲು ಹೋಗುತ್ತೇವೆ. ಶಾರದಕ್ಕ, ಸಂಜೆ ಕರಾಮ ಕಡೆ ಬರುತ್ತೇವೆ. ಲತಾ ನಿಮಗೆ ಊರಿಂದ ಹುರಿಹಿಟ್ಟು ತಂದಿದ್ದಾಳೆ.

ಶಾರದಕ್ಕ, ಕರಾಮ

ಬನ್ನಿ ಮಂಜು, ಕಾಯುತ್ತಿರುತ್ತೇನೆ. ಮಗುವಿಗೆ ಏನು ಇಷ್ಟ ಅಂತ ಹೇಳಿ, ಮಾಡಿಟ್ಟಿರುತ್ತೇನೆ.